ಕಿಟಕಿ ಒರೆಸುವ ಕಾಯಕಕ್ಕೆ ನಮ್ಮ ಗ್ರೂಪಿನಲ್ಲಿ ಜಾಗವಿಲ್ಲವೇ?

ಕಳೆದ ವರ್ಷ ಪಂಚಮಿ ಹಬ್ಬಕ್ಕೆ ಇನ್ನೂ ಎಂಟು ದಿನವಿದ್ದಾಗಿನ ಮಾತು. ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಭಾಗದ ಸಮಾಜಬಾಂಧವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬ ಹುಡುಗ ಎರಡು ಫೋಟೊ ಹಾಕಿದ. ಮೊದಲನೆಯದರಲ್ಲಿ ಧೂಳು ಮೆತ್ತಿ ಮಂಕಾದ, ಬೋರ್‌ವೆಲ್ ನೀರಿನ ಬಿಳಿ ಕಲೆ ಹಿಡಿದ ಕಿಟಕಿ. ಎರಡನೆಯದರಲ್ಲಿ ಅದೇ ಕಿಟಕಿ, ಆಚೆಯ ಬೇವಿನ ಮರದ ಎಲೆಗಳನ್ನು ಎಣಿಸಬಹುದಾದಷ್ಟು ತಿಳಿಯಾಗಿ. ಕೆಳಗೆ ಎರಡೇ ಸಾಲು: ‘ಹಬ್ಬಕ್ಕೆ ಕಿಟಕಿ, ಜಾಲರಿ ಸ್ವಚ್ಛ ಮಾಡಿಕೊಡುತ್ತೇನೆ. ಕೆಲಸ ನೋಡಿ ಹಣ ಕೊಡಿರಿ.’ ಜೊತೆಗೆ ಅವನ ಫೋನ್ ನಂಬರು.

ಅರ್ಧ ಗಂಟೆಯಲ್ಲಿ ಫೋಟೊ ಮಾಯವಾಯಿತು. ಅಡ್ಮಿನ್ ಒಬ್ಬರು ಅಳಿಸಿ, ‘ಇದು ಧಾರ್ಮಿಕ ಗ್ರೂಪು. ಇಲ್ಲಿ ವ್ಯಾಪಾರ ಬೇಡ’ ಎಂದು ಬರೆದರು. ಅದರ ಕೆಳಗೆ ಹತ್ತು ಹನ್ನೆರಡು ಜನ ಕೈಮುಗಿದ ಚಿತ್ರ ಒತ್ತಿದರು. ಆ ಗ್ರೂಪಿಗೆ ಮೂವರು ಅಡ್ಮಿನ್‌ಗಳು. ಮೂರನೆಯವನು ನಾನು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಫೋಟೊದಲ್ಲಿದ್ದ ಕಿಟಕಿ ನಮ್ಮ ಮನೆಯದು. ಹಿಂದಿನ ದಿನವಷ್ಟೇ ಅವನು ಬಂದು, ನನ್ನನ್ನು ಕೇಳಿಯೇ ಫೋಟೊ ತೆಗೆದುಕೊಂಡು ಹೋಗಿದ್ದ. ‘ಹಾಕಪಾ, ಚೊಲೊ ಆತು’ ಅಂದವನೂ ನಾನೇ. ಅಳಿಸಿದಾಗ ನೋಡಿಯೂ ಸುಮ್ಮನೆ ಕುಳಿತವನೂ ನಾನೇ.

ಈ ಲೇಖನ ಬರೆಯಲು ಕಾರಣ ಆ ಮೌನ.

ಅಂದು ಬೆಳಿಗ್ಗೆ ಅದೇ ಗ್ರೂಪಿನಲ್ಲಿ ಏನೇನು ಬಂದಿತ್ತೆಂದು ಆಮೇಲೆ ತಿರುಗಿಸಿ ನೋಡಿದೆ. ಹೂವಿನ ಚಿತ್ರದ ಮೇಲೆ ಕಾಯಕದ ಮಹಿಮೆ ಸಾರುವ ಶುಭೋದಯಗಳು ಏಳು. ಒಂದೇ ಚಿತ್ರವನ್ನು ಮೂವರು ಕಳಿಸಿದ್ದರು. ಕಾಯಕದ ಬಗೆಗಿನ ಮಾತಿಗೆ ಏಳು ಸಲ ಜಾಗ ಸಿಕ್ಕಿತು. ಕಾಯಕದ ಫೋಟೊಕ್ಕೆ ಒಂದು ಸಲವೂ ಸಿಗಲಿಲ್ಲ.

ಸಂಜೆ ಹಿರಿಯರೊಬ್ಬರು ಫೋನ್ ಮಾಡಿದರು. ನಿಜವಾದ ಕಾರಣ ಆಗ ಹೊರಬಿತ್ತು. ‘ನೋಡ್ರಿ ಸಾಹೇಬ್ರ, ನಮ್ಮ ಮಂದಿ ಹುಡುಗ ಅದಾನ. ಡಿಗ್ರಿ ಮುಗಿಸ್ಯಾನ. ಹಿಂಗ ಬಕೆಟ್ ಹಿಡಕೊಂಡು ಊರ ಮಂದಿಗೆಲ್ಲಾ ಫೋಟೊ ತೋರಿಸಿಕೊಂತ ಹೋದ್ರ ನಾಳೆ ಅವಗ ಹೆಣ್ಣು ಯಾರು ಕೊಡ್ತಾರ? ಮಾಡೂದು ಮಾಡ್ಲಿ, ಸುಮ್ಮನ ಮಾಡ್ಲಿ.’ ಅಂದರೆ ನಮಗೆ ತೊಂದರೆಯಾಗಿದ್ದು ವ್ಯಾಪಾರದಿಂದಲ್ಲ. ಅದೇ ಗ್ರೂಪಿನಲ್ಲಿ ನಿವೇಶನ ಮಾರಾಟದ ಸುದ್ದಿ ಬರುತ್ತದೆ, ಹೊಸ ಬಂಗಾರದ ಅಂಗಡಿಯ ಆಮಂತ್ರಣ ಬರುತ್ತದೆ, ಆಗ ಯಾರೂ ಅಳಿಸುವುದಿಲ್ಲ. ನಮಗೆ ತೊಂದರೆ ಕೊಟ್ಟಿದ್ದು ಬಕೆಟ್ಟು.

ಶರಣ ಬಂಧುಗಳೇ, ನಾವು ನಿತ್ಯ ನೆನೆಯುವ ಹೆಸರುಗಳನ್ನು ಒಮ್ಮೆ ಗಮನಿಸೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಬಟ್ಟೆ ಒಗೆಯುವ, ದೋಣಿ ನಡೆಸುವ, ಬುಟ್ಟಿ ಹೆಣೆಯುವ, ಹಗ್ಗ ಹೊಸೆಯುವ ಕೆಲಸಗಳು ಇವರ ಹೆಸರಿನ ಮುಂದೆಯೇ ಇವೆ. ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ‘ಮಾಡು, ಆದರೆ ಯಾರಿಗೂ ಕಾಣದ ಹಾಗೆ ಮಾಡು’ ಎಂದು ಆ ಕಾಲದಲ್ಲಿ ಯಾರೂ ಇವರಿಗೆ ಹೇಳಲಿಲ್ಲ. ಕೆಲಸವೇ ಅವರ ಗುರುತಾಗಿತ್ತು, ಗುರುತೇ ಗೌರವವಾಗಿತ್ತು. ಎಂಟುನೂರು ವರ್ಷಗಳಾದ ಮೇಲೆ ನಾವು ಅವರ ಹೆಸರು ಹೇಳುತ್ತೇವೆ, ಆದರೆ ನಮ್ಮ ಓಣಿಯ ಹುಡುಗನಿಗೆ ‘ಮರೆಯಲ್ಲಿ ಮಾಡು’ ಎನ್ನುತ್ತೇವೆ.

ಎರಡು ದಿನದ ನಂತರ ಆ ಹುಡುಗ ಮನೆಗೆ ಬಂದ. ಬಾಗಿಲ ಹತ್ತಿರ ನಿಂತು, ‘ಸಾಹೇಬ್ರ, ಗ್ರೂಪಿನ್ಯಾಗಿಂದ ಫೋಟೊ ಹೋಗೇತಿ. ನಂದೇನರ ತಪ್ಪಾತೇನ್ರಿ?’ ಎಂದು ಕೇಳಿದ. ‘ಇಲ್ಲ ತಮ್ಮಾ, ನಿಂದೇನೂ ತಪ್ಪಿಲ್ಲ’ ಅಂದೆ. ತಪ್ಪು ಯಾರದು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಹಾ ಕುಡಿದು ಹೋದ.

ಆಮೇಲೆ ನಾನು ಕುಳಿತು ಯೋಚಿಸಿದೆ. ಇಂಥ ಕೆಲಸ ಮಾಡುವವನು ತನ್ನ ಸುದ್ದಿಯನ್ನು ಜನರಿಗೆ ಹೇಗೆ ಮುಟ್ಟಿಸಬೇಕು? ಮೊದಲಾದರೆ ಗೋಡೆಗೆ ಚೀಟಿ ಅಂಟಿಸುತ್ತಿದ್ದರು. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಿಂದಲೇ ಕಾಯ್ದೆಯಿದೆ. ಕಂಬಕ್ಕೆ ಫ್ಲೆಕ್ಸ್ ಕಟ್ಟಬೇಕೆಂದರೆ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ಸರ್ಕಾರ 2016ರಲ್ಲಿ ನಿಷೇಧಿಸಿದೆ. ಸವಾಯಿ ಗಂಧರ್ವ ಸಭಾಭವನದ ಕಡೆಗೋ ಚೆನ್ನಮ್ಮ ವೃತ್ತದ ಕಡೆಗೋ ಹೋಗುವಾಗ ಕಾಣುವ ದೊಡ್ಡ ಫಲಕಗಳ ಬಾಡಿಗೆ ಇವನ ವರ್ಷದ ದುಡಿಮೆಗಿಂತ ಹೆಚ್ಚಿರಬಹುದು. ಉಳಿದದ್ದು ಬಾಯಿಮಾತು. ಹಿಂದೆ ಆ ಬಾಯಿಮಾತು ಕಟ್ಟೆಯ ಮೇಲೆ, ಬಾವಿಯ ಹತ್ತಿರ, ಸಂತೆಯಲ್ಲಿ ನಡೆಯುತ್ತಿತ್ತು. ಈಗ ಅದು ಫೋನಿನೊಳಗೆ ನಡೆಯುತ್ತಿದೆ. ಫೋನಿನಿಂದ ಅವನನ್ನು ಹೊರಗೆ ಹಾಕಿದರೆ ಊರಿನ ಕಟ್ಟೆಯಿಂದಲೇ ಎಬ್ಬಿಸಿದ ಹಾಗೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಎಂಜಿನಿಯರನಾಗಿದ್ದವನು. ನಮ್ಮ ಇಲಾಖೆಗಳಲ್ಲಿ ಒಂದು ಪದ್ಧತಿಯಿದೆ. ಕೆಲಸ ಕೊಡುವ ಮುನ್ನ ಎಲ್ಲರಿಗೂ ಗೊತ್ತಾಗುವಂತೆ ಪ್ರಕಟಣೆ ಕೊಡಬೇಕು. ಅದಕ್ಕೆಂದೇ 1999ರ ಪಾರದರ್ಶಕತೆ ಕಾಯ್ದೆ ಬಂತು. ಕೆಲಸವಾದ ಮೇಲೆ ಅಳತೆ ಪುಸ್ತಕದಲ್ಲಿ ಬರೆಯಬೇಕು. ಅಳತೆ ಪುಸ್ತಕದಲ್ಲಿ ಏರದ ಕೆಲಸಕ್ಕೆ ಬಿಲ್ಲು ಆಗುವುದಿಲ್ಲ. ಬಹಿರಂಗವಾಗಿ ಹೇಳುವುದು ಮತ್ತು ಮಾಡಿದ್ದನ್ನು ಅಳೆದು ತೋರಿಸುವುದು, ಇವೆರಡನ್ನೂ ಸರ್ಕಾರವೇ ಪ್ರಾಮಾಣಿಕತೆಯ ಲಕ್ಷಣವೆಂದು ಒಪ್ಪಿದೆ. ಆ ಹುಡುಗನ ಎರಡು ಫೋಟೊಗಳು ಅವನ ಅಳತೆ ಪುಸ್ತಕ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು. ಅದರಲ್ಲಿ ಹೊಗಳಿಕೆಯ ಮಾತಿಲ್ಲ.

ನನ್ನ ಮಗಳು ಅವನಿಗೆ ಕೆಲವು ದಾರಿ ತೋರಿಸಿದಳು. ಓದುಗರ ಮನೆಗಳಲ್ಲಿಯೂ ಇಂಥ ಹುಡುಗ ಹುಡುಗಿಯರಿದ್ದರೆ ಉಪಯೋಗವಾಗಲೆಂದು ಬರೆಯುತ್ತೇನೆ. ಇವುಗಳಿಗೆ ದುಡ್ಡು ಬೇಡ. ವಾಟ್ಸ್‌ಆ್ಯಪ್ 2018ರಿಂದ ಸಣ್ಣ ವ್ಯಾಪಾರದವರಿಗೆಂದೇ ‘ವಾಟ್ಸ್‌ಆ್ಯಪ್ ಬಿಸಿನೆಸ್’ ಎಂಬ ಬೇರೆ ಆ್ಯಪ್ ಕೊಟ್ಟಿದೆ. ಯಾವ ಕೆಲಸಕ್ಕೆ ಎಷ್ಟು ದರ ಎಂಬ ಪಟ್ಟಿಯನ್ನು ಅದರಲ್ಲಿ ಫೋಟೊ ಸಮೇತ ಇಡಬಹುದು. ಕೆಲಸದಲ್ಲಿದ್ದಾಗ ಬಂದ ಸಂದೇಶಕ್ಕೆ ‘ಸಂಜೆ ಮಾತಾಡುತ್ತೇನೆ’ ಎಂಬ ಉತ್ತರ ತಾನಾಗಿಯೇ ಹೋಗುತ್ತದೆ. ಗೂಗಲ್ ನಕ್ಷೆಯಲ್ಲಿ ತನ್ನ ಕೆಲಸದ ಹೆಸರು ಬರುವಂತೆ ಮಾಡಿಕೊಳ್ಳಬಹುದು. ಗಿರಾಕಿಯ ಮನೆಗೇ ಹೋಗಿ ಮಾಡುವ ಕೆಲಸವಾದ್ದರಿಂದ ತನ್ನ ಮನೆಯ ವಿಳಾಸ ಮುಚ್ಚಿಟ್ಟು, ಯಾವ ಯಾವ ಬಡಾವಣೆಗೆ ಬರುತ್ತೇನೆಂದಷ್ಟೇ ತೋರಿಸಿದರೆ ಸಾಕು. ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ದೇಶಪಾಂಡೆ ನಗರ ಎಂದು ಅವನು ಬರೆದುಕೊಂಡ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ತಾನೇ ಅಳಿಯುತ್ತದೆ, ಆದ್ದರಿಂದ ಹಬ್ಬದ ಹಿಂದಿನ ವಾರ ದಿನಾಲೂ ಹಾಕಬೇಕು. ಪಂಚಮಿ, ದಸರಾ, ದೀಪಾವಳಿ, ಯುಗಾದಿ. ನಮ್ಮ ಕಡೆ ಮನೆ ತೊಳೆಯುವ ಕಾಲ ಎಲ್ಲರಿಗೂ ಗೊತ್ತಿರುವುದೇ.

ಇದಕ್ಕಿಂತ ಮುಖ್ಯವಾದದ್ದು ಜ್ಞಾನ ಹಂಚುವುದು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ನೀರು ಆರಿದ ಮೇಲೆ ಲವಣ ಗಾಜಿನ ಮೇಲೆ ಬಿಳಿ ಚುಕ್ಕೆಯಾಗಿ ಕೂಡುತ್ತದೆ. ನಿಂಬೆರಸ ಅಥವಾ ತಿಳಿಮಾಡಿದ ವಿನೆಗರ್ ಹಾಕಿದರೆ ಅದು ಬಿಡುತ್ತದೆ. ಆದರೆ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಕಿಟಕಿಯ ಕೆಳಗಿನ ಕಟ್ಟೆಗೆ ಶಹಾಬಾದ ಇಲ್ಲವೆ ಕಡಪಾ ಕಲ್ಲು ಹಾಸಿರುತ್ತಾರೆ. ಇವೆರಡೂ ಸುಣ್ಣದ ಜಾತಿಯ ಕಲ್ಲು. ಹುಳಿ ಬಿದ್ದರೆ ಹೊಳಪು ಹೋಗಿ ಕಲೆಯಾಗುತ್ತದೆ. ಮೊದಲು ಒದ್ದೆ ಬಟ್ಟೆ ಹಾಸಿ ಆಮೇಲೆ ಗಾಜಿಗೆ ಕೈಹಾಕಬೇಕು. ಬಿಸಿಲು ನೇರ ಬೀಳುವ ಗಾಜನ್ನು ಒರೆಸಿದರೆ ನೀರು ಬೇಗ ಆರಿ ಗೆರೆ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಪಶ್ಚಿಮದ ಕಿಟಕಿ, ಮಧ್ಯಾಹ್ನದ ಮೇಲೆ ಪೂರ್ವದ ಕಿಟಕಿ. ಇಂಥ ಮಾತುಗಳನ್ನು ಅವನು ನಮ್ಮ ಭಾಷೆಯಲ್ಲೇ, ಒಂದೊಂದು ನಿಮಿಷದ ವಿಡಿಯೊ ಮಾಡಿ ಹೇಳಿದ. ‘ನೀವ ಮಾಡಿಕೊಳ್ರಿ. ಆಗದಿದ್ರ ನನ್ನ ಕರೀರಿ’ ಎಂಬುದು ಅವನ ಕೊನೆಯ ಮಾತು. ಕಲಿಸಿಕೊಟ್ಟರೆ ಗಿರಾಕಿ ಕಡಿಮೆಯಾಗುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಕಲಿಸಿದವನ ಮೇಲೆ ಜನರಿಗೆ ನಂಬಿಕೆ ಬರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಒಳ್ಳೆಯದೇ. ದಸರೆಯ ಹೊತ್ತಿಗೆ ಒಂದು ಘಟನೆ ನಡೆಯಿತು.

ಅವನು ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಸಜ್ಜಾದ ಮೇಲೆ ನಿಂತು, ಒಂದು ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ವೈಪರ್ ಎಳೆಯುವ ವಿಡಿಯೊ ಹಾಕಿದ. ಹಿಂದೆ ಸಿನಿಮಾ ಹಾಡು. ಇನ್‌ಸ್ಟಾಗ್ರಾಮ್‌ನಲ್ಲಿ ಅದನ್ನು ಸಾವಿರಾರು ಜನ ನೋಡಿದರು. ‘ಭಾರೀ ಧೈರ್ಯ’ ಎಂದು ಚಪ್ಪಾಳೆ ತಟ್ಟಿದರು. ಮಗಳು ನನಗೆ ತೋರಿಸಿದಾಗ ನನ್ನ ಕೈಕಾಲು ತಣ್ಣಗಾದವು.

ಸಜ್ಜಾ ಇರುವುದು ಬಿಸಿಲು ಮಳೆ ತಡೆಯಲಿಕ್ಕೆ. ಮನುಷ್ಯ ನಿಲ್ಲಲಿಕ್ಕಲ್ಲ. ಅದು ಗೋಡೆಯಿಂದ ಹೊರಚಾಚಿದ ತೆಳು ಹಲಗೆ. ಅದರ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟು ಹಾಕುವಾಗ ಗೌಂಡಿಯ ಕಾಲು ಬಿದ್ದು ಕಬ್ಬಿಣ ಕೆಳಗೆ ಇಳಿದಿದ್ದರೆ, ಆ ಸಜ್ಜಾಕ್ಕೆ ಭಾರ ಹೊರುವ ಶಕ್ತಿಯೇ ಇರುವುದಿಲ್ಲ. ಮೇಲೆ ಪ್ಲಾಸ್ಟರು, ಬಣ್ಣ ಆದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ನನ್ನಂಥ ಎಂಜಿನಿಯರನಿಗೂ ಕಾಣುವುದಿಲ್ಲ. ಈ ಮಾತನ್ನು ಅವನನ್ನು ಕೂಡಿಸಿಕೊಂಡು ಹೇಳಿದೆ. ಅವನ ಉತ್ತರ ನನ್ನನ್ನು ಚುಚ್ಚಿತು: ‘ಸಾಹೇಬ್ರ, ಸಾದಾ ಫೋಟೊ ಹಾಕಿದ್ರ ನಮ್ಮ ಮಂದೀನ ಅಳಿಸಿದ್ರು. ಇದನ್ನ ಹಾಕಿದೆ, ಊರಿಲ್ಲದ ಊರಿನ ಮಂದಿ ಎಲ್ಲಾ ನೋಡಿದ್ರು.’

ಆ ದಿನ ನನಗೆ ವಿಷಯ ಪೂರ್ತಿ ಅರ್ಥವಾಯಿತು. ನೆರೆಹೊರೆಯ ನಾವು ಅವನ ನೇರವಾದ ಕೆಲಸಕ್ಕೆ ಬಾಗಿಲು ಮುಚ್ಚಿದೆವು. ದೂರದ ಅಪರಿಚಿತರು ಅವನ ಜೀವದ ಪಣಕ್ಕೆ ಚಪ್ಪಾಳೆ ತಟ್ಟಿದರು. ಹುಡುಗ ಚಪ್ಪಾಳೆ ಇದ್ದ ಕಡೆಗೆ ಹೋದ. ತಪ್ಪು ಅವನೊಬ್ಬನದಲ್ಲ.

ನಾನು ಕೇಳಿದೆ: ‘ತಮ್ಮಾ, ಆ ಸಾವಿರಾರು ಮಂದಿಯೊಳಗ ನಿನಗ ಎಷ್ಟು ಕಿಟಕಿ ಕೆಲಸ ಬಂತು?’ ಸ್ವಲ್ಪ ಯೋಚಿಸಿ ‘ಒಂದೂ ಬಂದಿಲ್ರಿ’ ಅಂದ. ನೋಡಿದವರಲ್ಲಿ ಹೆಚ್ಚಿನವರು ಯಾವ ಊರಿನವರೋ ಏನೋ. ಕಿಟಕಿ ಒರೆಸುವವನಿಗೆ ಬೇಕಾದದ್ದು ಗಾಡಿಯ ಮೇಲೆ ಕಾಲು ಗಂಟೆಯಲ್ಲಿ ಮುಟ್ಟಬಹುದಾದ ಮನೆಗಳು. ಅವನ ಹೆಸರು ಬಲ್ಲ ಐವತ್ತು ಮನೆ ಐವತ್ತು ಸಾವಿರ ಕಣ್ಣಿಗಿಂತ ದೊಡ್ಡದು. ಸ್ಥಳೀಯ ಕೆಲಸಕ್ಕೆ ಸಾಮಾಜಿಕ ಜಾಲತಾಣ ಬಳಸುವ ಎಲ್ಲರೂ ನೆನಪಿಡಬೇಕಾದ ಲೆಕ್ಕ ಇದು.

ಆ ದಿನ ಅವನು ಮತ್ತು ನಾನು ಕುಳಿತು ನಾಲ್ಕು ಮಾತು ಬರೆದುಕೊಂಡೆವು. ಮೊದಲನೆಯದು, ಹೊರಗಿನಿಂದ ನೆಲಮಹಡಿಯ ಗಾಜು ಮಾತ್ರ; ಮೇಲಿನದು ಒಳಗಿನಿಂದಲೇ. ಈಗಿನ ಅಲ್ಯೂಮಿನಿಯಂ, ಯುಪಿವಿಸಿ ಜಾರುಕಿಟಕಿಗಳ ಬಾಗಿಲನ್ನು ಹೆಚ್ಚಾಗಿ ಮೇಲೆತ್ತಿ ಹಳಿಯಿಂದ ಬಿಡಿಸಿ ಒಳಗೆ ತಂದು ತೊಳೆಯಬಹುದು. ಅದಾಗದಿದ್ದರೆ, ಎದೆ ತೊಡೆ ಎರಡನ್ನೂ ಹಿಡಿಯುವ ಸೇಫ್ಟಿ ಬೆಲ್ಟು, ಅದನ್ನು ಕಟ್ಟಲು ಗಟ್ಟಿ ಆಧಾರ, ಜೊತೆಗೊಬ್ಬ ಕಲಿತವನು ಇಲ್ಲದೆ ಆ ಕೆಲಸ ಒಪ್ಪುವುದಿಲ್ಲ. ಎರಡನೆಯದು, ಕೇಳದೆ ಯಾರ ಮನೆಯ ಫೋಟೊ ಹಾಕುವುದಿಲ್ಲ; ಕೇಳಿ ಹಾಕಿದರೂ ತಿಜೋರಿ, ಬಾಗಿಲ ಚಿಲಕ, ಮನೆಯ ನಂಬರು ಕಾಣಬಾರದು, ‘ಇವರು ಊರಿಗೆ ಹೋಗಿದ್ದಾರೆ’ ಎಂದು ಬರೆಯಬಾರದು. ಮೂರನೆಯದು, ಆಗದ ಕೆಲಸವನ್ನು ಆಗುತ್ತದೆ ಎನ್ನುವುದಿಲ್ಲ. ವರ್ಷಗಟ್ಟಲೆ ಗಡಸು ನೀರು ಕುಳಿತು ಗಾಜಿನ ಮೈಯೇ ಸವೆದಿದ್ದರೆ ಯಾವ ದ್ರಾವಣಕ್ಕೂ ಅದು ಹೋಗುವುದಿಲ್ಲ. ಹಾಗೆಂದು ಮೊದಲೇ ಹೇಳಬೇಕು.

ನಾಲ್ಕನೆಯದು, ಸುಳ್ಳು ಮೆಚ್ಚುಗೆ ಬೇಡ. ಅಣ್ಣ ತಮ್ಮಂದಿರಿಂದ, ಗೆಳೆಯರಿಂದ ಗೂಗಲ್‌ನಲ್ಲಿ ಐದೈದು ನಕ್ಷತ್ರ ಹಾಕಿಸುವ ಚಾಳಿ ಎಲ್ಲ ಕಡೆ ಇದೆ. ರಿಯಾಯಿತಿ ಕೊಟ್ಟು ಮೆಚ್ಚುಗೆ ಬರೆಸುವುದನ್ನು ಗೂಗಲ್ ಕೂಡ ನಿಷೇಧಿಸಿದೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ನಮ್ಮ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐ.ಎಸ್. 19000 ಎಂಬ ಮಾನದಂಡ ತಂದಿದೆ. ಆದರೆ ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ದುಡಿಯದೆ ಬಂದ ನಕ್ಷತ್ರವೂ ಆ ಹೆಚ್ಚಿನ ಅಕ್ಕಿಯೇ.

ಈಗ ಎದುರು ಮಾತುಗಳನ್ನೂ ನೋಡೋಣ. ‘ತನ್ನನ್ನು ತಾನು ತೋರಿಸಿಕೊಳ್ಳುವುದು ಅಹಂಕಾರವಲ್ಲವೇ?’ ಎಂದು ಒಬ್ಬ ಗೆಳೆಯರು ಕೇಳಿದರು. ಪ್ರಶ್ನೆ ಸರಿಯಾಗಿದೆ. ನನಗೆ ಕಾಣುವ ವ್ಯತ್ಯಾಸ ಇಷ್ಟು: ಕಿಟಕಿಯ ಫೋಟೊದಲ್ಲಿ ಕೆಲಸ ಕಾಣುತ್ತಿತ್ತು, ಸಜ್ಜಾದ ವಿಡಿಯೊದಲ್ಲಿ ಅವನು ಕಾಣುತ್ತಿದ್ದ. ಮೊದಲನೆಯದು ತಿಳಿಸುವಿಕೆ, ಎರಡನೆಯದು ಮೆರೆಯುವಿಕೆ. ನಾವು ಅಳಿಸಿದ್ದು ಮೊದಲನೆಯದನ್ನು.

‘ಒಬ್ಬರಿಗೆ ಬಿಟ್ಟರೆ ನಾಳೆ ಗ್ರೂಪು ಸಂತೆಯಾಗುತ್ತದೆ’ ಎಂಬುದು ಇನ್ನೊಂದು ಮಾತು. ಇದರಲ್ಲೂ ಸತ್ಯವಿದೆ. ಅದಕ್ಕೆ ಅಳಿಸುವುದು ಪರಿಹಾರವಲ್ಲ, ನಿಯಮ ಬೇಕು. ವಾರದಲ್ಲಿ ಒಂದು ದಿನ, ಸ್ವಂತ ಕೈಯಿಂದ ದುಡಿಯುವವರು ಒಂದು ಫೋಟೊ, ಒಂದು ದರ, ಒಂದು ಫೋನ್ ನಂಬರು ಹಾಕಲಿ. ಹೊಲಿಗೆ, ರೊಟ್ಟಿ ಮಾಡಿ ಕೊಡುವುದು, ನಳ ದುರಸ್ತಿ, ಕಿಟಕಿ ಸ್ವಚ್ಛತೆ ಯಾವುದೇ ಇರಲಿ. ಅವರು ನಮ್ಮ ಸಮಾಜದವರೇ ಆಗಬೇಕೆಂಬ ಶರತ್ತೂ ಬೇಡ. ಕಾಯಕಕ್ಕೆ ಜಾತಿ ಕೇಳುವ ಗ್ರೂಪು ಬಸವಣ್ಣನವರ ಚಿತ್ರ ಇಟ್ಟುಕೊಳ್ಳಬಾರದು.

ಗಿರಾಕಿಗಳಾದ ನಮಗೂ ಒಂದಿಷ್ಟು ಹೇಳಬೇಕಿದೆ. ‘ನಮ್ಮವನು’ ಎಂದು ಕರೆದು ಅರ್ಧ ದರ ಕೊಡುವ ಚಟ ನಮಗಿದೆ. ನಮ್ಮವನಾದರೆ ಪೂರ್ತಿ ಕೊಡಬೇಕು. ‘ಹಂಗ ಸ್ವಲ್ಪ ಹೊರಗ ಬಗ್ಗಿ ಒರಸಪಾ’ ಎಂದು ನಾವೇ ಮೇಲಿನ ಮಹಡಿಯಲ್ಲಿ ಹೇಳುತ್ತೇವೆ. ಆ ಒಂದು ಮಾತಿಗೆ ಒಂದು ಮನೆಯ ದೀಪ ಆರಬಹುದು. ಕೆಲಸ ಚೆನ್ನಾಗಿ ಆದರೆ ಎರಡು ಸಾಲು ಬರೆಯಲು ನಮಗೆ ಪುರಸತ್ತು ಇರುವುದಿಲ್ಲ, ಒಂದು ಗೆರೆ ಉಳಿದರೆ ಒಂದು ನಕ್ಷತ್ರ ಹಾಕಲು ಪುರಸತ್ತು ಇರುತ್ತದೆ. ಸಾಮಾನ್ಯನೊಬ್ಬನ ಹೊಟ್ಟೆಪಾಡು ಈಗ ನಮ್ಮ ಹೆಬ್ಬೆರಳಿನ ತುದಿಯಲ್ಲಿದೆ. ಅದನ್ನು ನ್ಯಾಯವಾಗಿ ಒತ್ತುವುದೂ ಒಂದು ದಾಸೋಹ.

ದೀಪಾವಳಿಗೆ ವಾರವಿರುವಾಗ, ಮೂರು ತಿಂಗಳು ತಡವಾಗಿ, ಆ ಎರಡು ಫೋಟೊಗಳನ್ನು ನಾನೇ ಗ್ರೂಪಿನಲ್ಲಿ ಮತ್ತೆ ಹಾಕಿದೆ. ಕೆಳಗೆ ಬರೆದೆ: ‘ಇದು ನಮ್ಮ ಮನೆಯ ಕಿಟಕಿ. ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ಹಿಂದೆ ಇದನ್ನು ಅಳಿಸಿದಾಗ ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ. ಕ್ಷಮೆ ಇರಲಿ.’ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬ ತಾಯಿ ‘ನಮ್ಮ ಮನಿಗೂ ಕಳಸ್ರಿ’ ಎಂದು ಬರೆದರು. ಅವರ ಹಿಂದೆ ಇನ್ನೂ ಮೂವರು. ಪಂಚಮಿಯ ಮೊದಲು ನನಗೆ ಫೋನ್ ಮಾಡಿದ್ದ ಹಿರಿಯರು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಆದರೆ ಹಬ್ಬದ ಹಿಂದಿನ ದಿನ ಅವರ ಮನೆಯ ಮುಂದೆ ಆ ಹುಡುಗನ ಗಾಡಿ ನಿಂತಿದ್ದನ್ನು ನಾನು ನೋಡಿದೆ. ಕಿಟಕಿಯ ಬಾಗಿಲನ್ನು ಬಿಡಿಸಿ ಅಂಗಳದಲ್ಲಿ ಇಟ್ಟುಕೊಂಡು, ನೆಲದ ಮೇಲೆ ಕುಳಿತು ಒರೆಸುತ್ತಿದ್ದ. ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವನ ಜೊತೆ ಮಾತಾಡುತ್ತಿದ್ದರು.

ಈ ಪತ್ರಿಕೆ ನಾಡಿನ ಅನೇಕ ಮಠಗಳ ಮೂಲಕ ಮನೆ ಮನೆಗೆ ಹೋಗುತ್ತದೆ. ಓದುವ ನಿಮ್ಮಲ್ಲಿ ಅನೇಕರು ಒಂದಿಲ್ಲೊಂದು ಗ್ರೂಪಿನ ಅಡ್ಮಿನ್ ಆಗಿರುತ್ತೀರಿ. ನಿಮ್ಮ ಗ್ರೂಪಿನಲ್ಲಿ ನಾಳೆ ಯಾರಾದರೂ ತಮ್ಮ ಕೈಕೆಲಸದ ಫೋಟೊ ಹಾಕಿದರೆ, ಅಳಿಸುವ ಮುನ್ನ ಅಂದು ಬೆಳಿಗ್ಗೆ ಬಂದ ಶುಭೋದಯಗಳನ್ನು ಒಮ್ಮೆ ಓದಿರಿ ಎಂದು ಕೇಳಿಕೊಳ್ಳುತ್ತೇನೆ.